ಚೋಟಿಯ ಹೊಟ್ಟೆ

ಹೊಟ್ಟೆ ದಪ್ಪಗಾದರೆ ಆಗಲಿ, ಕತ್ತು ಯಾಕೆ ದಪ್ಪಗಾಗಬೇಕು?

ಈ ಪ್ರಶ್ನೆ ಸೊಸೆಯ ತಲೆಯೊಳಗೆ ಹೊಕ್ಕು ಕೂತಿತ್ತು, ಏನು ಮಾಡಿದರೂ ಏಳುವಂತಿರಲಿಲ್ಲ. ಅವಳು ಕೆಲಸ ಮಾಡುವ ಪರದೆ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಾಕುವಾಗಲೂ ಅದೇ, ಮಗಳ ಬಾಯಿಗೆ ತುತ್ತಿಡುವಾಗಲೂ ಅದೇ. ಮನೆಯ ಉಳಿದವರ ಕಾಲು ಮಾತ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಚೋಟಿ ಗಬ್ಬ ಕಟ್ಟಿದೆ, ಮನೆಗೆ ಮರಿ ಬರುತ್ತದೆ ಎಂದು ಬೀದಿಗೆಲ್ಲ ಸಾರಿ ಆಗಿತ್ತು.

ಚೋಟಿ ಅವರ ಮನೆಯ ಕುದುರೆ. ಕುದುರೆ ಎಂದು ಕೇಳಿ ನೋಡಲು ಬಂದವರು ನಗಬೇಕು, ಅಷ್ಟು ಗಿಡ್ಡ. ಅತ್ತೆಯ ಸೊಂಟಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಮರಿಯೇನಲ್ಲ, ಬೆಳೆದು ಮುಗಿದದ್ದೇ ಅಷ್ಟು, ತಳಿಯೇ ಅಂಥದ್ದು. ಉದ್ಯಾನದ ಬಾಗಿಲಲ್ಲಿ ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆದುಕೊಡುವವನೊಬ್ಬನಿದ್ದ. ಮಾವ ಆ ದಾರಿಯಲ್ಲೇ ಬಸ್ಸು ಓಡಿಸಿದವರು. ಆ ಕುದುರೆ ಕಂಡಾಗಲೆಲ್ಲ ಸಣ್ಣದೊಂದು ಹಾರ್ನ್ ಹೊಡೆದೇ ಮುಂದೆ ಹೋಗುತ್ತಿದ್ದವರು. ಮಂಡಿನೋವೆಂದು ಫೋಟೋದವನು ಕಸುಬು ಬಿಡುವ ಹೊತ್ತಿಗೆ ಮಾವನೂ ನಿವೃತ್ತರಾಗಿದ್ದರು. ಒಂದು ಸಂಜೆ ಹಗ್ಗ ಹಿಡಿದುಕೊಂಡು, ಮದುವೆ ಗಂಡಿನ ಕಳೆ ಹೊತ್ತು, ಕುದುರೆಯ ಜೊತೆ ಗೇಟಿನಲ್ಲಿ ನಿಂತರು.

"ಮಾವ, ಮಗೂಗೆ ಬೂಟೇ ಮುಂದಿನ ತಿಂಗಳು ನೋಡೋಣ ಅಂತಿದೀವಿ. ಇನ್ನು ಕುದುರೆನಾ?" ಎಂದಿದ್ದಳು ಸೊಸೆ.

"ಇದು ಬಸ್ಸಲ್ಲಮ್ಮ, ಡೀಸೆಲ್ ಕುಡಿಯಲ್ಲ. ಹುಲ್ಲು ತಿನ್ನುತ್ತೆ, ಮಲಗುತ್ತೆ. ನಿನ್ನ ಗಂಡನಿಗಿಂತ ಕಡಿಮೆ ಖರ್ಚು."

ಖರ್ಚು ನಿಜವಾಗಿಯೂ ಕಡಿಮೆಯಾದದ್ದು ಸೊಸೆಯ ತಲೆಯಿಂದ. ಹೆದರುವವರಿಗೆ ಮುಂದಾಲೋಚನೆ ಹೆಚ್ಚು. ಹಾಲಿನವನ ಹಸುಗಳಿಗೆ ಒಣಹುಲ್ಲಿನ ಲಾರಿ ಬರುವ ದಿನ ತನ್ನ ಪಾಲಿನ ಹೊರೆಗಳನ್ನೂ ಅದರಲ್ಲೇ ತರಿಸಿ, ತೇವ ತಾಗದಂತೆ ಹಲಗೆಯ ಮೇಲೆ ಪೇರಿಸಿದಳು. ಈರುಳ್ಳಿ ಬರುವ ಬಲೆಚೀಲಗಳನ್ನು ಒಂದರೊಳಗೊಂದು ಹಾಕಿ ಹೊಲಿದು, ಹುಲ್ಲು ತುಂಬಿ ನೇತುಹಾಕಿದಳು. ಬಲೆಯ ಕಣ್ಣು ಸಣ್ಣದಾದ್ದರಿಂದ ಚೋಟಿ ಒಂದೊಂದೇ ಎಳೆ ಎಳೆದು ತಿನ್ನಬೇಕು. ಹುಲ್ಲು ಚೆಲ್ಲುವುದೂ ಇಲ್ಲ, ಬೇಗ ಮುಗಿಯುವುದೂ ಇಲ್ಲ. ಮಗಳು ಬಿಟ್ಟ ಸ್ನಾನದ ಟಬ್ಬು ನೀರಿನ ತೊಟ್ಟಿಯಾಯಿತು. ಸಸಿ ಮಾರುವವನು ಲದ್ದಿ ಒಯ್ದು, ಅದರ ಬದಲಿಗೆ ನೆಲಕ್ಕೆ ಹಾಸಲು ಮರದ ಹೊಟ್ಟು ತಂದು ಸುರಿಯುತ್ತಿದ್ದ. ಗೊರಸು ಕತ್ತರಿಸುವವನಿಗೆ ಮಾತ್ರ ಕೈ ಬಿಚ್ಚಿ ಕೊಡುತ್ತಿದ್ದಳು. ಅದರಲ್ಲಿ ಉಳಿತಾಯ ಬೇಡವೆಂದು ಮೊದಲ ದಿನ ಬಂದ ಪಶುವೈದ್ಯರು ಖಡಾಖಂಡಿತ ಹೇಳಿದ್ದರು. ಇನ್ನೊಂದು ಮಾತೂ ಹೇಳಿದ್ದರು: "ಈ ತಳಿಗೆ ಹಸಿವಿಗಿಂತ ಅತಿಯಾದ ಊಟದಿಂದಲೇ ಅಪಾಯ. ಮೈ ಬಂದ್ರೆ ಕಾಲಿಗೆ ಹೊಡೆಯುತ್ತೆ. ದಪ್ಪ ಆಗ್ತಿದೆ ಅನ್ನಿಸಿದ ದಿನವೇ ಫೋನ್ ಮಾಡಿ."

ಎಲ್ಲ ಸುಸೂತ್ರ ನಡೆದಿತ್ತು. ಆಮೇಲೆ ಹೊಟ್ಟೆ ಬಂತು.

ಮೊದಲು ಕಂಡದ್ದು ಅತ್ತೆಯ ಕಣ್ಣಿಗೆ. "ಇದರ ನಡಿಗೆ ನೋಡ್ರೀ. ನಮ್ಮ ಸೊಸೆ ಏಳನೇ ತಿಂಗಳಲ್ಲಿ ಥೇಟ್ ಹೀಗೇ ನಡೀತಿದ್ಲು."

ಮಾವ ಸುತ್ತ ಒಂದು ಸುತ್ತು ಬಂದು, ಟೈರಿನ ಗಾಳಿ ನೋಡುವವರಂತೆ ಬಗ್ಗಿ, ಹೊಟ್ಟೆಯನ್ನು ಎರಡು ಸಲ ತಟ್ಟಿ ತೀರ್ಪು ಕೊಟ್ಟರು. "ಒಳಗೊಂದು ಪ್ಯಾಸೆಂಜರ್ ಇದೆ."

ಅಲ್ಲಿಂದ ಮನೆಯ ಹುರುಪು ಕೇಳಬೇಡಿ. ಮಾವ ಕೊಟ್ಟಿಗೆಗೆ ಹಳದಿ ಬಣ್ಣ ಬಳಿದರು, ಬಳಿದು ಉಳಿದದ್ದನ್ನು ತಮ್ಮ ಚಪ್ಪಲಿಗೂ ಬಳಿದುಕೊಂಡರು. ಫ್ರಿಜ್ ರಿಪೇರಿ ಮಾಡುವ ಗಂಡ, ಯಾವುದೋ ಕೆಟ್ಟ ಫ್ರಿಜ್ಜಿನ ತರಕಾರಿ ಡಬ್ಬ ಕಳಚಿ ತಂದು, ಮರಿಗೆ ನೀರಿಡಲು ಎಂದ. ಮಗಳು ಸಿಕ್ಕವರನ್ನೆಲ್ಲ ಕೈಹಿಡಿದು ಎಳೆದು ತಂದು, "ಒಳಗೆ ಇನ್ನೊಂದು ಚೋಟಿ ಇದೆ, ಸುಮ್ನೆ ಮಲಗಿದೆ," ಎಂದು ಪಿಸುಗುಟ್ಟುತ್ತಿದ್ದಳು. ಸೊಸೆಗೂ ಸಂಭ್ರಮ ಇರಲಿಲ್ಲವೆಂದಲ್ಲ. ಪರದೆಯ ತುಂಡುಗಳನ್ನು ಜೋಡಿಸಿ ಮರಿಗೊಂದು ಹೊದಿಕೆ ಹೊಲಿದದ್ದು ಅವಳೇ. ಹೊಲಿಯುವಾಗ ತನಗೆ ತಾನೇ ನಗುತ್ತಿದ್ದಳು.

ಆದರೆ ಉಣಿಸುವ ಭರಾಟೆ ಮಿತಿ ಮೀರಿತು. ಬಸುರಿಗೆ ಬಲೆಯಿಂದ ಎಳೆದು ತಿನ್ನುವ ಶಿಕ್ಷೆ ಏಕೆಂದು ಅತ್ತೆ ಬಲೆಚೀಲವನ್ನು ಅಟ್ಟಕ್ಕೆ ಎಸೆದರು. ಹುಲ್ಲು ರಾಶಿರಾಶಿಯಾಗಿ ನೆಲಕ್ಕೆ ಬಿತ್ತು. ಬೆಳಗ್ಗೆ ಅತ್ತೆಯ ಕೈಯಿಂದ ನೆನೆಸಿದ ಬೂಸಾ, ಮಧ್ಯಾಹ್ನ ಮಾವನ ಜೇಬಿನಿಂದ ಬ್ರೆಡ್ಡು, ಸಂಜೆ ಗಂಡ ತರುವ ಸೇಬು, ನಡುನಡುವೆ ಮಗಳ ಬಿಸ್ಕತ್ತು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಚೋಟಿ ಯಾರ ಮನಸ್ಸನ್ನೂ ನೋಯಿಸಲಿಲ್ಲ, ಎಲ್ಲರ ಮುಂದೆಯೂ ಆಗಷ್ಟೇ ಹಸಿದವಳ ಮುಖ ಮಾಡಿಕೊಂಡು ನಿಲ್ಲುತ್ತಿತ್ತು.

ಕೊರಳಪಟ್ಟಿಯನ್ನು ಮತ್ತೊಂದು ತೂತಿನಷ್ಟು ಸಡಿಲಿಸಬೇಕಾಗಿ ಬಂದ ದಿನ ಸೊಸೆ ಕತ್ತು ತಡವಿ ನೋಡಿದಳು. ಚೋಟಿಯ ಕತ್ತಿನ ಮೇಲ್ಭಾಗ, ಜೂಲಿನ ಬುಡದಲ್ಲಿ, ಸುತ್ತಿಟ್ಟ ಟವೆಲಿನಂತೆ ಗಟ್ಟಿಯಾಗಿ ಉಬ್ಬಿತ್ತು. ಅಂಗಡಿಯ ಅಳತೆ ಟೇಪು ತಂದು ಸುತ್ತಿ ನೋಡಿದಳು, ಮರುವಾರ ಮತ್ತೆ ಸುತ್ತಿದಳು. ಟೇಪು ಸುಳ್ಳು ಹೇಳಲಿಲ್ಲ.

"ಅತ್ತೆ, ಬಸುರಿಗೆ ಕತ್ತು ಊದಿಕೊಳ್ಳುತ್ತಾ?"

"ನಿನಗೆ ಕೆನ್ನೆ ಬಂದಿರಲಿಲ್ವಾ?"

"ಕೆನ್ನೆ ಬೇರೆ, ಕತ್ತು ಬೇರೆ. ಒಂದ್ಸಲ ಡಾಕ್ಟ್ರಿಗೆ ಫೋನ್ ಮಾಡ್ಲಾ?"

ಅಷ್ಟೇ ಸಾಕಾಯಿತು. ಇಡೀ ಮನೆ ಗೊಳ್ಳೆಂದಿತು. ಅವಳಿಗೆ ಮನೆಯಲ್ಲಿ ಗಾಬರಿ ಎಂದೇ ಹೆಸರು. ಮಗಳು ಬಿಕ್ಕಳಿಸಿದರೆ ಆಸ್ಪತ್ರೆಗೆ ಓಡಿದವಳು. ಚೋಟಿ ಬಂದ ಹೊಸದರಲ್ಲಿ ಒಂದು ದಿನ ಅದು ಬಿಸಿಲಿಗೆ ಕೈಕಾಲು ಚಾಚಿ ಬಿದ್ದುಕೊಂಡದ್ದನ್ನು ಕಂಡು, ಸತ್ತೇಹೋಯಿತೆಂದು ಅಳುತ್ತಾ ಪಶುವೈದ್ಯರನ್ನು ಕರೆಸಿದ್ದಳು. ಅವರು ಚೀಲ ಬಿಚ್ಚುವಷ್ಟರಲ್ಲಿ ಚೋಟಿ ಎದ್ದು, ಮೈ ಕೊಡವಿ, ಅವರ ಮುಖಕ್ಕೇ ಆಕಳಿಸಿತ್ತು. ಮಾವ ಆ ಕಥೆಯನ್ನು ಬಸ್ ಡಿಪೋದ ಹಳೆಯ ಗೆಳೆಯರಿಗೆಲ್ಲ ಅಭಿನಯಿಸಿ ತೋರಿಸಿದ್ದರು.

"ಇನ್ನೊಂದ್ಸಲ ನೀನು ಆ ಡಾಕ್ಟ್ರಿಗೆ ಫೋನ್ ಮಾಡಿದ್ರೆ," ಎಂದರು ಮಾವ, "ನಾನೇ ಮರಿ ಹಾಕ್ತೀನಿ ನೋಡು."

ಸೊಸೆಯೂ ನಕ್ಕಳು. ನಕ್ಕು ಒಳಗೆ ಹೋದವಳು, ಫೋನಿನಲ್ಲಿ ಆ ನಂಬರು ತೆಗೆಯುವುದು, ನೋಡುವುದು, ಮುಚ್ಚಿಡುವುದು. ತಾನು ಹೇಳಿದ್ದು ನಿಜವಾದರೆ ಮನೆಯವರ ಆಸೆಯೆಲ್ಲ ಮಣ್ಣುಪಾಲು. ಸುಳ್ಳಾದರೆ ಡಿಪೋದಲ್ಲಿ ಇನ್ನೊಂದು ನಾಟಕ. ಎರಡೂ ಬೇಡವೆಂದು ಬಾಯಿಗೆ ಬೀಗ ಹಾಕಿಕೊಂಡಳು.

ಒಂದು ರಜೆಯ ಬೆಳಗ್ಗೆ ಡಿಪೋದ ಗೆಳೆಯರಿಗೆ ತೋರಿಸಿ ಬರುತ್ತೇನೆಂದು ಮಾವ ಚೋಟಿಯ ಹಗ್ಗ ಹಿಡಿದರು. ಚೋಟಿ ಅಲುಗಲಿಲ್ಲ. ಬಾ ಎಂದರು, ಬಂಗಾರ ಎಂದರು, ಹಗ್ಗ ಜಗ್ಗಿದರು. ಒಂದು ಹೆಜ್ಜೆಯನ್ನು ಕಷ್ಟಪಟ್ಟು ಎತ್ತಿಟ್ಟು ನಿಂತೇಬಿಟ್ಟಿತು.

ಮಾವನ ಮುಖ ಅರಳಿತು. "ಲೇ, ಬಾರೇ ಇಲ್ಲಿ. ಇವತ್ತೇ ಕಣೇ. ನೋವು ಶುರುವಾಗಿದೆ."

ಅಷ್ಟು ಸಾಕು. ಅತ್ತೆ ಬಿಸಿನೀರಿಗೆ ಓಡಿದರು. ಗಂಡ ಮೊಬೈಲ್ ಹಿಡಿದು ವಿಡಿಯೋಗೆ ನಿಂತ. ಪಕ್ಕದ ಮನೆಯ ಟೀಚರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಂತೆಯೇ ಕಾಂಪೌಂಡಿನ ಮೇಲೆ ಕತ್ತು ಚಾಚಿದರು. ಮಗಳು ಕುಣಿದದ್ದೇ ಕುಣಿದದ್ದು.

ಸೊಸೆ ಮಾತ್ರ ಹೊಟ್ಟೆ ನೋಡಲಿಲ್ಲ, ಕಾಲು ನೋಡಿದಳು. ಚೋಟಿ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕಾದ ಮರಳಿನ ಮೇಲೆ ಹಿಮ್ಮಡಿಯೂರಿ ನಿಂತವರಂತೆ ನಿಂತಿತ್ತು. ಅವಳು ಕುಕ್ಕರುಗಾಲಲ್ಲಿ ಕೂತು ಗೊರಸಿನ ಮೇಲೆ ಅಂಗೈಯಿಟ್ಟಳು. ಈಗ ತಾನೇ ಸ್ವಿಚ್ ಆರಿಸಿದ ಇಸ್ತ್ರಿಪೆಟ್ಟಿಯ ಹಾಗೆ ಬೆಚ್ಚಗಿತ್ತು. ಇನ್ನೊಂದೂ ಹಾಗೇ.

"ಮಾವ, ಹಗ್ಗ ಬಿಡಿ. ಇದನ್ನ ಒಂದು ಹೆಜ್ಜೆಯೂ ನಡೆಸಬೇಡಿ."

"ಹೆರಿಗೆ ನೋವು ಕಣಮ್ಮ ಅದು, ನೀನು ಸುಮ್ನೆ ಗಾಬರಿ..."

"ಹೆರಿಗೆ ನೋವು ಕಾಲಿಗೆ ಬರಲ್ಲ ಮಾವ. ನಾನು ಹೆತ್ತಿದೀನಿ, ನೀವು ಹೆತ್ತಿಲ್ಲ."

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಕಾಂಪೌಂಡಿನ ಆಚೆ ಬ್ರಷ್ಷು ನಿಂತಿತು. ಮಾವ ಹಗ್ಗ ಬಿಟ್ಟರು. ಸೊಸೆ ಫೋನ್ ತೆಗೆದಳು. ನಂಬರು ಒತ್ತಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಹೇಳಿ ಮೇಡಂ," ಎಂದಿತು ವೈದ್ಯರ ದನಿ. "ಮತ್ತೆ ನಿದ್ದೆ ಮಾಡ್ತಿದೆಯಾ?"

"ಇಲ್ಲ ಡಾಕ್ಟ್ರೇ, ನಿಂತಿದೆ. ನಿಂತಿರೋದೇ ತೊಂದರೆ." ಚಾಚಿದ ಕಾಲು, ಗೊರಸಿನ ಕಾವು, ಉಬ್ಬಿದ ಕತ್ತು, ಬೂಸಾ, ಬ್ರೆಡ್ಡು, ಸೇಬು, ಬಿಸ್ಕತ್ತು, ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಒಂದೊಂದು ತಿನಿಸಿನ ಹೆಸರು ಬಂದಾಗಲೂ ಅಂಗಳದಲ್ಲಿ ಒಬ್ಬೊಬ್ಬರು ಇನ್ನೊಬ್ಬರ ಮುಖ ನೋಡಿದರು.

ವೈದ್ಯರ ದನಿಯಲ್ಲಿ ನಗು ಉಳಿಯಲಿಲ್ಲ. "ಇಷ್ಟೆಲ್ಲ ಯಾಕೆ ಕೊಟ್ರಿ?"

"ಗಬ್ಬ ಕಟ್ಟಿದೆ ಅಂತ."

"ಗಂಡು ಕುದುರೆ ಎಲ್ಲಿತ್ತು?"

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ತಲೆ ಕೆರೆದುಕೊಂಡರು. "ಫೋಟೋದವನ ಹತ್ರ ಇದೊಂದೇ. ಪಕ್ಕದಲ್ಲಿ ಇನ್ನೊಂದು ಇತ್ತು... ಅದು ಮರದ್ದು."

ಅತ್ತೆ ಒಲೆ ಆರಿಸಲು ಸದ್ದಿಲ್ಲದೆ ಒಳಗೆ ಹೋದರು. ಗಂಡ ವಿಡಿಯೋ ನಿಲ್ಲಿಸಿದ.

"ಸರಿಯಾದ ಹೊತ್ತಿಗೆ ಫೋನ್ ಮಾಡಿದೀರಿ," ಎಂದರು ವೈದ್ಯರು. "ಅತಿಯಾಗಿ ತಿಂದು ಗೊರಸಿನೊಳಗೆ ಉರಿಯೂತ ಬಂದಿದೆ. ಇವತ್ತು ಬಿಟ್ಟಿದ್ರೆ ನಾಳೆ ಅದು ಕಾಲೂರಿ ನಿಲ್ತಿರಲಿಲ್ಲ. ನಿಂತಲ್ಲೇ ದಪ್ಪಗೆ ಹೊಟ್ಟು ಹಾಸಿ. ಗೊರಸಿಗೆ ತಣ್ಣೀರು ಬಿಡ್ತಾ ಇರಿ. ತಿನ್ನೋಕೆ ನೀರಲ್ಲಿ ನೆನೆಸಿದ ಒಣಹುಲ್ಲು ಬಿಟ್ಟು ಬೇರೇನೂ ಬೇಡ. ನಾನು ಹೊರಟೆ."

"ಮಾವ, ಪೈಪ್ ತನ್ನಿ. ರೀ, ಹೊಟ್ಟಿನ ಚೀಲ," ಎಂದಳು ಸೊಸೆ. ಇಬ್ಬರೂ ಎದುರು ಮಾತಿಲ್ಲದೆ ಓಡಿದರು. ಓಡುವ ಮಾವನನ್ನು ನೋಡಿ, ಅಷ್ಟು ಹೆದರಿಕೆಯ ನಡುವೆಯೂ ಅವಳಿಗೆ ನಗು ಉಕ್ಕಿ ಬಂತು. ಪೈಪ್ ಕೈಗೆ ಬಂದದ್ದೇ ಬಗ್ಗಿ ಗೊರಸಿಗೆ ನೀರು ಬಿಟ್ಟಳು. ಚೋಟಿ ಒಮ್ಮೆ ಉಸಿರು ಬಿಟ್ಟು ಅವಳ ಭುಜಕ್ಕೆ ಮೂತಿ ಒರಗಿಸಿತು.

"ಮೇಡಂ, ಇನ್ನೂ ಲೈನಲ್ಲೇ ಇದೀರಾ? ನಾನು ಗಾಡಿ ಓಡಿಸಬೇಕು."

"ಓಡಿಸಿ ಡಾಕ್ಟ್ರೇ," ಎಂದಳು ಸೊಸೆ. "ನೀವು ಗೇಟಿಗೆ ಬರೋವರೆಗೂ ನಾನು ಫೋನ್ ಇಡಲ್ಲ."