ದೊಡ್ಡಪ್ಪನ ಬರಿಮಟ್ಟೆ

ನಾನು ಬೆಳೆದದ್ದು ಹಾಸನದ ಪೇಟೆಯಲ್ಲಿ, ಅಪ್ಪನ ಜವಳಿ ಅಂಗಡಿಯ ಹಿಂದಿನ ಮನೆಯಲ್ಲಿ. ನುಗ್ಗೇಹಳ್ಳಿ ಕಡೆಯ ನಮ್ಮ ಮೂಲದೂರಿನ ಮಾತೆತ್ತಿದರೆ ಅಪ್ಪ ಎದ್ದುಹೋಗುತ್ತಿದ್ದರು. ದೊಡ್ಡಪ್ಪ ಹರೆಯದಲ್ಲೇ ಅಲ್ಲಿಯ ಜಾರುಬಂಡೆಯ ಮೇಲೆ ತೀರಿಕೊಂಡರು, ಆಮೇಲೆ ಮನೆಗೆ ಬೀಗ ಬಿತ್ತು ಎಂಬುದಷ್ಟೇ ಅಮ್ಮನಿಂದ ತಿಳಿದಿತ್ತು. ರಜಕ್ಕೆ ಎಲ್ಲರೂ ಊರಿಗೆ ಹೋದರೆ ನಾನೊಬ್ಬ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದೆ. ನನಗೂ ಒಂದು ಊರು ಬೇಕೆಂಬ ಹಟ ಬೆಳೆಯುತ್ತಿತ್ತು. ಹೈಸ್ಕೂಲು ಮುಗಿಯುವ ವರ್ಷ, ಯುಗಾದಿ ಮುಗಿಸಿ, ಹೇಳದೆ ಕೇಳದೆ ಬಸ್ಸು ಹತ್ತಿದೆ. ಯುದ್ಧದ ಕಾಲದ ಇದ್ದಿಲು ಬಸ್ಸು. ಏರು ಬಂದಲ್ಲೆಲ್ಲ ಇಳಿದು ನಾವೇ ತಳ್ಳಿದೆವು.

ಯುಗಾದಿಯ ಮರುದಿನ, ವರ್ಷತೊಡಕಿಗೆ, ನಮ್ಮೂರಿಗೂ ಪಕ್ಕದೂರಿಗೂ ಬಂಡೆಯ ಮೇಲೆ ಪಂದ್ಯ. ತೆಂಗಿನ ಗರಿಯ ಅಗಲವಾದ ಬುಡಗಳೆರಡನ್ನು ಜೋಡಿಸಿ ಹಗ್ಗ ಬಿಗಿದು, ತಳಕ್ಕೆ ಹರಳೆಣ್ಣೆ ಸವರುತ್ತಾರೆ. ಆ ಮಟ್ಟೆಯ ಮೇಲೆ ಬೋರಲು ಮಲಗಿ, ತಲೆ ಮುಂದಾಗಿ ಜಾರಬೇಕು. ಕೆಳಗಿನ ಮರಳಿನಲ್ಲಿ ಯಾರ ಮಟ್ಟೆ ಎಲ್ಲಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೋ ಅವನ ಊರು ಗೆದ್ದಂತೆ. ಮನೆಗೊಂದೇ ಮಟ್ಟೆ. ಬೀಗ ಬಿದ್ದ ಮನೆಯಾದರೆ ಅಲ್ಲಿ ಸತ್ತವರ ಹೆಸರಿನಲ್ಲಿ ವಿಭೂತಿ ಬಳಿದು, ಆಳಿಲ್ಲದ ಬರಿಮಟ್ಟೆ ಬಿಡುತ್ತಾರೆ. ಅದರ ಮೇಲೆ ಸತ್ತವರೇ ಬಂದು ಜಾರುತ್ತಾರೆಂದು ನಂಬಿಕೆ.

ನಾನು ಬಂಡೆ ಹತ್ತಿದಾಗ ಅಂಥದೊಂದು ಸಿದ್ಧವಾಗಿತ್ತು.

"ಯಾರ ಪೈಕಿನಪ್ಪಾ ನೀನು?" ಎಂದರು ಊರಿನ ಯಜಮಾನರು. ಹೇಳಿದೆ. ಅವರು ನನ್ನ ಮುಖವನ್ನೇ ದಿಟ್ಟಿಸಿದರು.

"ಅದೇ ಮೂಗು, ಅದೇ ಅಣೆ ಕಣ್ರಲಾ! ನಿಮ್ ದೊಡ್ಡಪ್ಪಂದೇ ಈ ಮಟ್ಟೆ. ವರ್ಸಾ ವರ್ಸಾ ನೆಟ್ಟಗೆ ಓಯ್ತದೆ, ಒಂದ್ ದಪಾನೂ ಮಗುಚಿಲ್ಲ. ನೀನ್ ಜಾರ್ತೀಯಾ?"

"ಜಾರ್ತೀನಿ" ಎಂದೆ. ಯಾರೋ ಟವಲಿನಲ್ಲಿ ವಿಭೂತಿ ಒರೆಸಿದರು. ನಾನು ಮಲಗಿದೆ.

ಗದ್ದದ ಕೆಳಗೆ ಬೆರಳಗಲದಲ್ಲಿ ಬಂಡೆ ಓಡುತ್ತಿತ್ತು. ಗಾಳಿಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ನಡುವೆ ಒಂದು ಕಡೆ ಬಂಡೆ ಎಡಕ್ಕೆ ವಾಲುತ್ತದೆ. ದೊಡ್ಡಪ್ಪ ಬಿದ್ದದ್ದು ಅಲ್ಲೇ ಎಂದು ಆಮೇಲೆ ಹೇಳಿದರು. ಅಲ್ಲಿಗೆ ಬರುವಾಗ ಬೆನ್ನಿನ ಮೇಲೆ ಭಾರ ಕೂತಿತು. ಬಲ ಭುಜವನ್ನು ಯಾರೋ ಮೆಲ್ಲಗೆ ಅದುಮಿದರು. ನಂಬುವವರು ನಂಬಲಿ, ಉಳಿದವರ ಜೊತೆ ನನಗೆ ವಾದವಿಲ್ಲ. ಮಟ್ಟೆ ನೇರವಾಯಿತು, ಮರಳಿನಲ್ಲಿ ಎಲ್ಲರನ್ನೂ ದಾಟಿ ನಿಂತಿತು.

"ನಮ್ಮೋನು ಗೆದ್ದ ಕಣ್ರಲಾ!" ಎಂದು ಊರಿಗೆ ಊರೇ ಕೂಗಿತು. ನಮ್ಮೋನು! ಆ ಮಾತು ಕೇಳಿ ಬಿಕ್ಕಿಬಿಕ್ಕಿ ಅತ್ತೆ.

ಮಾರನೆಯ ದಿನ ತರಚಿದ ಮುಖ ಹೊತ್ತು ಹಾಸನಕ್ಕೆ ಬಂದೆ. ಅಪ್ಪ ಹೊಡೆಯುತ್ತಾರೆಂದುಕೊಂಡಿದ್ದೆ. ಅವರು ಗದ್ದುಗೆಯ ಮೇಲೆ ಕೂತು ಪೂರ್ತಿ ಕೇಳಿದರು.

"ಇಷ್ಟ್ ವರ್ಸಾನೂ ಅಣ್ಣನ್ ಎಸ್ರಲ್ಲಿ ಮಟ್ಟೆ ಬುಡ್ತಿದ್ರಾ?"

"ಹೂಂ ಅಪ್ಪ."

"ಇನ್ಮ್ಯಾಲೆ?"

"ಇನ್ನು ಬಿಡಲ್ಲವಂತೆ. ನಾನಿದ್ದೀನಲ್ಲ."

ಅಪ್ಪ ಗದ್ದುಗೆಯಿಂದ ಇಳಿದು ಬಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು: "ಅಂಗಾರೆ ನಮ್ಮಣ್ಣ ಎಲ್ಲಿಗ್ ಓಗ್ಬೇಕ್ಲಾ ಮಗಾ?"