ಹಪ್ಪಳದ ಡಬ್ಬದ ಮೇಲೆ ನನ್ನ ಎಡಗೈ

ನಮ್ಮ ಯಜಮಾನರು ಬಿಡದಿಯ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುತ್ತಿದ್ದರು. ಸರಿಯಿಲ್ಲದ್ದನ್ನು ವಾಪಸ್ ಕಳಿಸೋದೇ ಕೆಲಸ. ರಿಟೈರ್ ಆಗಿ ಮನೆಗೆ ಬಂದ ಮೇಲೆ ಪರೀಕ್ಷೆಗೆ ಸಿಕ್ಕಿದ್ದು ನನ್ನ ಅಡಿಗೆಮನೆ. ಬಾಗಿಲಲ್ಲಿ ನಿಂತು "ಯಾಕಮ್ಮಿ ಇಷ್ಟೊಂದು ಉರಿ?" ಅನ್ನೋರು. ಡಬ್ಬಗಳನ್ನೆಲ್ಲ ಎತ್ತರ ನೋಡಿ ಸಾಲಾಗಿ ಜೋಡಿಸಿದರು, ಉಪ್ಪು ಹುಡುಕೋಕೆ ನನಗೆ ಅರ್ಧ ದಿನ ಹಿಡೀತು. ಒಂದು ದಿನ ತಟ್ಟೆಯಲ್ಲಿದ್ದ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಕಡೆ ಒಸಿ ಚಪ್ಪಟೆ ಐತೆ" ಅಂತ ವಾಪಸ್ ಕೊಟ್ಟರು. ನಲವತ್ತು ವರ್ಷ ಅದೇ ಮುದ್ದೆ ನುಂಗಿದ ಬಾಯಿ ಅದು.

ಪುಣ್ಯಕ್ಕೆ ಅವರಿಗೆ ಆಂಪ್ಲಿಫೈಯರ್ ಹುಚ್ಚು ಹಿಡೀತು. ಫೋನಿನ ಸಣ್ಣ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸೋ ಪೆಟ್ಟಿಗೆ. ಬೆಂಗಳೂರಿಗೆ ಹೋಗಿ ವೈರು, ಟ್ರಾನ್ಸ್‌ಫಾರ್ಮರು, ಜಿರಲೆ ಥರ ಕಾಲಿರೋ ಸಾಮಾನು ತಂದು ಹಜಾರದಲ್ಲಿ ಕೂತು ಬೆಸುಗೆ ಹಾಕೋಕೆ ಶುರು ಮಾಡಿದರು. ನನ್ನ ಹಪ್ಪಳದ ತಗಡಿನ ಡಬ್ಬಕ್ಕೆ ತೂತು ಕೊರೆದು ಎಲ್ಲವನ್ನೂ ಅದರೊಳಗೆ ಕೂರಿಸಿದರು. ಹಪ್ಪಳವನ್ನು ನಾನೇ ಬೇರೆ ಪಾತ್ರೆಗೆ ಸುರಿದುಕೊಂಡೆ. ಹಜಾರದಿಂದ ಸುಟ್ಟ ವಾಸನೆ ಬಂದಷ್ಟೂ ನನಗೆ ನೆಮ್ಮದಿ. ಎರಡು ತಿಂಗಳು ಅವರು ಒಲೆ ಕಡೆ ತಲೆ ಹಾಕಲಿಲ್ಲ.

ಡಬ್ಬಕ್ಕೆ ತಿರುಗಿಸೋ ಗುಂಡಿ ಕಡೆದು ಕೊಟ್ಟವನು ನನ್ನ ತಮ್ಮ. ಚನ್ನಪಟ್ಟಣದಲ್ಲಿ ಲೇತಿಗೆ ಮರ ಕೊಟ್ಟು ಬೊಂಬೆ ಕಡೆಯೋನು. ಕೆಂಪು ಅರಗಿನ ಎರಡು ಗುಂಡಿ, ಲಕ್ಷಣವಾಗಿದ್ದವು. ಅವನ್ನು ಕೂರಿಸಿ ಸ್ವಿಚ್ ಹಾಕಿದರೆ ಹಾಡಿಗಿಂತ ಮುಂಚೆ ಗುಂಯ್ ಅಂತ ಸದ್ದು ಬಂತು. ಹಾಡು ಬಂದ ಮೇಲೂ ಗುಂಯ್ ಹೋಗಲಿಲ್ಲ.

"ಭಾವ, ಇದ್ರಲ್ಲಿ ಪದ ಕೇಳ್ಬೇಕಾ, ಜೇನು ಬಿಡಿಸ್ಬೇಕಾ?" ಅಂದ ತಮ್ಮ.

ಯಜಮಾನರಿಗೆ ರೇಗಿತು. "ಭಾನುವಾರ ಊಟಕ್ಕೆ ಬಾರ್ಲಾ. ಅವತ್ತೂ ಗುಂಯ್ ಅಂದ್ರೆ ಎಲ್ಲಾನೂ ಗುಜರಿಗೆ ಹಾಕ್ಬುಟ್ಟು ಸುಮ್ಕೆ ಮನೇಲಿ ಕೂತ್ಕತೀನಿ."

ಸುಮ್ಮನೆ ಕೂತವರು ಎಷ್ಟು ಹೊತ್ತು ಕೂರ್ತಾರೆ? ಎದ್ದು ನೆಟ್ಟಗೆ ನನ್ನ ಅಡಿಗೆಮನೆಗೇ ಬರ್ತಾರೆ.

ವಾರವೆಲ್ಲ ಬಿಚ್ಚಿದರು, ಹಾಕಿದರು. ಭಾನುವಾರ ತಮ್ಮ ಬಂದು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಸ್ವಿಚ್ ಹಾಕಿದರು. ಗುಂಯ್.

"ಗುಜರಿಯವನ ನಂಬರ್ ಕೊಡ್ಲಾ ಭಾವ?"

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನಾನು ಒದ್ದೆ ಕಾಲಲ್ಲೇ ಬಂದು, ಸಿಟ್ಟಿಗೆ ಡಬ್ಬದ ಮೇಲೆ ಎಡಗೈಯಲ್ಲಿ ಒಂದು ಬಿಟ್ಟೆ. ಬೆರಳು ಜುಮ್ ಅಂತು. ಗುಂಯ್ ನಿಂತುಹೋಯಿತು. ಕೈ ತೆಗೆದೆ, ಗುಂಯ್. ಇಟ್ಟೆ, ಇಲ್ಲ.

"ಕೈ ತೆಗೀಬ್ಯಾಡ!" ಅಂತ ಯಜಮಾನರು ಕೂಗಿದರು. ಹಾಡು ಎಷ್ಟು ಚೊಕ್ಕವಾಗಿ ಬಂತು ಅಂದರೆ, ಹಾಡೋಳು ಉಸಿರು ಎಳೆದಿದ್ದೂ ಕೇಳಿಸಿತು. ಅವಳಿಗೆ ಅವತ್ತು ನೆಗಡಿ ಆಗಿತ್ತು.

"ಅಕ್ಕಯ್ಯನ್ನೂ ಸೇರ್ಸಿ ಮಾಡಿರೋ ಮಿಷಿನ್ನಾ ಇದು?" ಅಂದ ತಮ್ಮ. "ಅಕ್ಕ ಕೈ ಎತ್ತಿದ್ರೆ ಗುಜರಿ, ಹೇಳ್ಬುಟ್ಟಿವ್ನಿ."

"ಒಲೆ ಮೇಲೆ ಎಸರು ಕುದೀತಾ ಐತೆ" ಅಂದೆ.

"ನೀನು ಅಲ್ಲಾಡಬ್ಯಾಡ. ಮುದ್ದೆ ನಾನು ತಿರುವ್ತೀನಿ."

ಯಾವುದು ಆಗಬಾರದು ಅಂತಿದ್ದೆನೋ ಅದೇ ಆಯಿತು. ನಾನು ಡಬ್ಬ ಹಿಡಿದು ಹಜಾರದಲ್ಲಿ, ಅವರು ಅಡಿಗೆಮನೆಯಲ್ಲಿ. ಒಳಗೆ ಏನೋ ಬಿತ್ತು. ಆಮೇಲೆ ಅದರ ಮುಚ್ಚಳ ಬಿತ್ತು.

"ಹಿಟ್ಟೆಲ್ಲಮ್ಮಿ?"

"ನೀವೇ ಎತ್ತರ ನೋಡಿ ಜೋಡಿಸಿದ್ರಲ್ಲ, ಹುಡುಕ್ಕಳಿ!"

ಮುದ್ದೆ ಬಂತು. ತಮ್ಮ ಬೆರಳಲ್ಲಿ ಒತ್ತಿ ನೋಡಿ, "ಇದನ್ನ ಲೇತಿಗೆ ಕೊಟ್ಟು ಕಡೀಬೇಕು ಭಾವ" ಅಂದ. ಎಡಗೈ ಡಬ್ಬದ ಮೇಲೆ, ಬಲಗೈ ಮುದ್ದೆ ಮೇಲೆ ಇಟ್ಟುಕೊಂಡು ನಾನೂ ಪರೀಕ್ಷೆ ಮಾಡಿದೆ. ಎಲ್ಲ ಬರೀ ಗಂಟು. "ವಾಪಸ್" ಅಂದೆ.

ಅವರಿಗೆ ನಾಚಿಕೆಯೇ ಇಲ್ಲ. "ಇನ್ಮೇಲೆ ದಿನಾ ನೀನು ಇದನ್ನ ಹಿಡ್ಕಂಡಿರು, ಅಡಿಗೆ ನಾನು ನೋಡ್ಕತೀನಿ" ಅಂದರು.

ಆಗ ನನ್ನ ತಲೆ ಓಡಿತು. "ನೀನೊಂದು ಸಲ ಹಿಡ್ಕಳ್ಲಾ" ಅಂತ ತಮ್ಮನ ಕೈಗೆ ಡಬ್ಬ ಕೊಟ್ಟೆ. ಮಂಚದ ಮೇಲೆ ಕಾಲು ಮಡಚಿ ಕೂತು ಹಿಡಿದ. ಗುಂಯ್. ಕಾಲು ಕೆಳಗಿಡು ಅಂದೆ. ನನ್ನ ಕಾಲಿನ ನೀರು ಇನ್ನೂ ಆರದ ನೆಲಕ್ಕೆ ಕಾಲಿಟ್ಟ. ಸದ್ದು ಕಮ್ಮಿಯಾಯಿತು.

"ಇದಕ್ಕೆ ನಾನೂ ಬೇಡ, ನನ್ನ ಕೈಯೂ ಬೇಡ. ಒದ್ದೆ ನೆಲ ಬೇಕು. ವೈರು ತಗೊಂಡ್ ಬನ್ನಿ."

ಡಬ್ಬದ ಸ್ಕ್ರೂಗೆ ವೈರು ಸುತ್ತಿ, ಕಿಟಕಿಯಲ್ಲಿ ಹಾಯಿಸಿ, ಒಗೆಯೋ ಕಲ್ಲಿನ ಪಕ್ಕ ಬಾಳೆಗಿಡದ ಬುಡಕ್ಕೆ ತಂದೆವು. ತಮ್ಮ ಅಲ್ಲಿ ಕಬ್ಬಿಣದ ಸರಳು ಹೊಡೆದು ವೈರು ಕಟ್ಟಿದ. ಒಳಗೆ ಹೋಗಿ ನೋಡಿದರೆ ಯಾರೂ ಮುಟ್ಟದೆ ಡಬ್ಬ ಗುಂಯ್ ಇಲ್ಲದೆ ಹಾಡುತ್ತಿತ್ತು.

"ಅರ್ಥಿಂಗು! ನಂಗೆ ಮೊದ್ಲೇ ಗೊತ್ತಿತ್ತು" ಅಂದರು ಯಜಮಾನರು.

"ಗೊತ್ತಿದ್ದೂ ಅಕ್ಕಯ್ಯನ್ನ ಕಂಬ ಮಾಡಿ ನಿಲ್ಲಿಸಿದ್ದಾ ಭಾವ?"

ಡಬ್ಬ ಗುಜರಿಗೆ ಹೋಗಲಿಲ್ಲ. ಬಾಳೆ ಬುಡ ಒಣಗಿದರೆ ಮತ್ತೆ ಗುಂಯ್ ಅನ್ನುತ್ತೆ, ಯಜಮಾನರು ಬಿಂದಿಗೆ ಎತ್ತಿಕೊಂಡು ಓಡ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ. ಬಾಳೆ ದೊಡ್ಡ ಗೊನೆ ಹಾಕಿದೆ.

ಮೊನ್ನೆ ಖಾಲಿ ಬಿಂದಿಗೆ ಹಿಡಿದು ಬರುತ್ತಾ ಅಡಿಗೆಮನೆ ಬಾಗಿಲಲ್ಲಿ ನಿಂತರು. ಮೂಗು ಎಳೆದು, "ಅಮ್ಮಿ, ಈ ಸಾರಿಗೆ ಒಗ್ಗರಣೆ..." ಅಂದರು.

"ಗುಂಯ್ ಅಂತಾ ಐತೆ ನೋಡ್ರಿ" ಅಂದೆ.

ಡಬ್ಬ ಏನೂ ಅಂತಿರಲಿಲ್ಲ. ಬಿಂದಿಗೆ ತುಂಬಿಕೊಂಡು ಹೋದರು.