ಷಡ್ಡಕನ ಚೀಟಿಯ ಮೇಲೆ ಇರದಿದ್ದ ಸಹಿ

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಗುಮಾಸ್ತ. ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಅದೇ ಗಿರಣಿಯಲ್ಲಿ ಲಾರಿಗಳಿಗೆ ಮೂಟೆ ಏರಿಸುವವರ ಮೇಸ್ತ್ರಿ. ಒಂದು ಭಾನುವಾರ ಗೆಳೆಯನ ತೋಟದಲ್ಲಿ ಊಟ ಮುಗಿಸಿ ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಹೊರಟಿದ್ದೆವು. ಮರಳಿ ಎಂಬ ಊರಿನ ಹತ್ತಿರ ಪೊಲೀಸರು ತಡೆದು ಯಂತ್ರಕ್ಕೆ ಊದಿಸಿದರು. ಇಬ್ಬರೂ ಕುಡಿದಿದ್ದೆವು. ಅವನು ನನಗಿಂತ ಹೆಚ್ಚು.

ಗಂಗಾವತಿ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳದೆ ವಾದಿಸಿ ಸೋತೆವು. ಇಬ್ಬರಿಗೂ ಹತ್ತು ದಿನ ಜೈಲು, ದಂಡ, ಆರು ತಿಂಗಳು ಲೈಸೆನ್ಸ್ ಅಮಾನತು. ಒಬ್ಬರೇ ವಕೀಲರಿಂದ ಕೊಪ್ಪಳದ ಜಿಲ್ಲಾ ನ್ಯಾಯಾಲಯಕ್ಕೆ ಎರಡು ಮೇಲ್ಮನವಿ ಹಾಕಿಸಿದೆವು. ಶಿಕ್ಷೆಗೆ ತಡೆ ಸಿಕ್ಕಿತು. ಮುಂದೆ ಪ್ರತಿ ವಾಯಿದೆಗೂ ಒಂದೇ ಬಸ್ಸು, ಒಂದೇ ಬೆಂಚು. ಒಡಹುಟ್ಟಿದವರಂತೆ ಇದ್ದೆವು.

ತೀರ್ಪಿನ ದಿನ ಮೊದಲು ಅವನ ಹೆಸರು ಕೂಗಿದರು. ಖುಲಾಸೆ. ಆಮೇಲೆ ನನ್ನದು. ಜೈಲು ತೆಗೆದುಹಾಕಿದರು, ತಪ್ಪಿತಸ್ಥ ಅನ್ನುವುದು ಹಾಗೇ ಉಳಿಯಿತು, ದಂಡವೂ ಅಮಾನತೂ ಉಳಿದವು.

ಹೊರಗೆ ವಕೀಲರು ಹೇಳಿದರು, "ಯಂತ್ರದಿಂದ ಬಂದ ಅವರ ಚೀಟಿ ಮ್ಯಾಲ ಸಹಿ ಇಲ್ಲ, ಟೈಮೂ ಇಲ್ರಿ. ನಿಮ್ಮದರಾಗ ಎರಡೂ ಅದಾವ."

ಅಂದು ಪೊಲೀಸರ ಪೆನ್ನು ಇಸಿದುಕೊಂಡು ನೀಟಾಗಿ ಸಹಿ ಮಾಡಿದ್ದು ನೆನಪಾಯಿತು. ಅವನು ಆಗ ಹುಣಸೆ ಮರದ ಕೆಳಗೆ ವಾಂತಿ ಮಾಡುತ್ತಿದ್ದ.

ಅವನು ಚಹಾ ತರಲು ಹೋದಾಗ ವಕೀಲರನ್ನು ಮೆಲ್ಲಗೆ ಕೇಳಿದೆ, "ಸರ್ಕಾರದವರು ಅವನ ಖುಲಾಸೆ ಮ್ಯಾಲ ಮತ್ತ ಅಪೀಲು ಹಾಕಾಕ ಬರ್ತೈತೇನ್ರಿ?"

ಅವರು ನನ್ನ ಮುಖವನ್ನೇ ನೋಡಿದರು. "ಬರ್ತೈತಿ. ಆದ್ರ ಇಷ್ಟು ಸಣ್ಣ ಕೇಸಿಗೆ ಯಾರೂ ಹಾಕಂಗಿಲ್ಲ. ಯಾಕ ಕೇಳಿದ್ರಿ?"

"ಸುಮ್ನ," ಅಂದೆ. ನನಗೆ ಬೇಸರವಾದದ್ದು ವಕೀಲರ ಉತ್ತರಕ್ಕೇ ಹೊರತು ನನ್ನ ಪ್ರಶ್ನೆಗಲ್ಲ.

ಅವನು ಮೂರು ಚಹಾ ಹಿಡಿದು ಬಂದ. "ಅಣ್ಣಾರ, ಅವತ್ತು ನಾನೇ ಭಾಳ ಕುಡದಿದ್ದೆ. ಇದು ನಿಮಗ ಆಗಬಾರದಿತ್ತು. ಆರು ತಿಂಗಳು ಗಿರಣಿಗೆ ನಾನ ಕರಕೊಂಡು ಹೋಗ್ತೀನ್ರಿ."

ಅವನು ಬೀಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

ದಿನಾ ಬೆಳಿಗ್ಗೆ ಎಂಟಕ್ಕೆ ಮನೆ ಮುಂದೆ ಅವನ ಹಾರ್ನ್. "ತಮ್ಮ ಬಂದಾನ, ಲಗೂ ಹೋಗ್ರಿ," ಎನ್ನುತ್ತಿದ್ದಳು ಹೆಂಡತಿ. ನಾನು ಬೇಕಂತಲೇ ಹತ್ತು ನಿಮಿಷ ತಡ ಮಾಡಿ ಹೊರಗೆ ಬರುತ್ತಿದ್ದೆ. ಒಂದು ದಿನವೂ ಅವನು ಯಾಕೆ ತಡ ಎಂದು ಕೇಳಲಿಲ್ಲ.